ಮೈನಸ್ ಮೈನಸ್ ಪ್ಲಸ್ ಅಂತ ಬಾಯಿಪಾಠ ಆಗಿದೆ, ಆದ್ರೂ −3 − 5 ತಪ್ಪಾಗ್ತಿದೆ, ಏನ್ ಮಾಡ್ಲಿ?

ಪ್ರಶ್ನೆ: ನನ್ನ ಮಗಳು 7ನೇ ಕ್ಲಾಸ್. ಹೋದ ವರ್ಷ ಪೂರ್ಣಾಂಕಗಳನ್ನ ಕೂಡೋದು ಕಳೆಯೋದು ಚೆನ್ನಾಗೇ ಮಾಡ್ತಿದ್ಳು. ಈಗ −3 − 5 ಕೊಟ್ರೆ +8 ಅಂತ ಬರೀತಾಳೆ, ಯಾಕೆ ಅಂದ್ರೆ "ಮೈನಸ್ ಮೈನಸ್ ಪ್ಲಸ್ ಅಲ್ವಾಮ್ಮ" ಅಂತಾಳೆ. (−3) × (−5) ಮಾತ್ರ ಸರಿಯಾಗಿ 15 ಬರುತ್ತೆ. 2 − (−3) ಅಂದ್ರೆ ಒಂದು ದಿನ 5, ಇನ್ನೊಂದು ದಿನ −1. ಟ್ಯೂಷನ್‌ಗೆ ಹಾಕ್ಬೇಕಾ? ನಾನು ಪಿಯುಸಿ ಆರ್ಟ್ಸ್ ಓದಿರೋಳು, ನನಗೂ ರೂಲ್ ಗೊತ್ತು, ಅದು ಯಾಕೆ ಹಾಗೆ ಅನ್ನೋದು ಗೊತ್ತಿಲ್ಲ.

ಉತ್ತರ: ಮೇಡಂ, ನಿಮ್ಮ ಪ್ರಶ್ನೇಲಿ "ಹೋದ ವರ್ಷ ಚೆನ್ನಾಗೇ ಮಾಡ್ತಿದ್ಳು" ಅಂತ ಒಂದು ಮಾತಿದ್ಯಲ್ಲ, ಅದನ್ನ ಓದಿದ ತಕ್ಷಣ ನನಗೆ ಅರ್ಧ ಸಮಾಧಾನ ಆಯ್ತು, ಯಾಕಂದ್ರೆ ನಿಮ್ಮ ಮಗಳಿಗೆ ಲೆಕ್ಕ ಬರಲ್ಲ ಅಂತಲ್ಲ, ಬರ್ತಿದ್ದ ಲೆಕ್ಕದ ಮೇಲೆ ಹೊಸ ರೂಲ್ ಒಂದು ಬಂದು ಕೂತಿದೆ ಅಷ್ಟೆ. 6ನೇ ಕ್ಲಾಸಲ್ಲಿ ಪೂರ್ಣಾಂಕಗಳನ್ನ ಕೂಡೋದು ಕಳೆಯೋದು ಬರುತ್ತೆ, 7ನೇ ಕ್ಲಾಸಲ್ಲಿ ಗುಣಾಕಾರ ಭಾಗಾಕಾರ ಬರುತ್ತೆ. ಗುಣಾಕಾರದ ಜೊತೆಗೇ "ಮೈನಸ್ ಇಂಟು ಮೈನಸ್ ಪ್ಲಸ್" ಅನ್ನೋದು ಬರುತ್ತೆ. ಮಕ್ಕಳ ಬಾಯಲ್ಲಿ ಎರಡೇ ದಿನಕ್ಕೆ ಆ "ಇಂಟು" ಉದುರಿಹೋಗಿ "ಮೈನಸ್ ಮೈನಸ್ ಪ್ಲಸ್" ಅಂತ ಉಳ್ಕೊಳ್ಳುತ್ತೆ, ಆಮೇಲೆ ಎಲ್ಲೇ ಎರಡು ಮೈನಸ್ ಕಣ್ಣಿಗೆ ಬಿದ್ರೂ ಪೆನ್ಸಿಲ್ ತಾನೇ ಪ್ಲಸ್ ಬರೆದುಬಿಡುತ್ತೆ. ನಾನು ಇಷ್ಟು ವರ್ಷ 6, 7, 8ನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದೀನಿ, ಜೂನಲ್ಲಿ ಸರಿಯಾಗಿ ಕೂಡ್ತಿದ್ದ ಮಕ್ಕಳೇ ಗುಣಾಕಾರದ ಪಾಠ ಆದ್ಮೇಲೆ ಇದೇ ತಪ್ಪು ಮಾಡ್ತಾರೆ, ಅದ್ರಲ್ಲೂ ಹೇಳಿದ್ದನ್ನ ಶ್ರದ್ಧೆಯಿಂದ ಬಾಯಿಪಾಠ ಮಾಡೋ ಮಕ್ಕಳು ಜಾಸ್ತಿ ಮಾಡ್ತಾರೆ. ಹಾಗಾಗಿ ಬೈಬೇಡಿ.

ಮೊದಲು ಒಂದು ಕೆಲಸ ಮಾಡಿ, ಇವತ್ತಿನಿಂದ ಒಂದು ಎರಡು ವಾರ ಮನೇಲಿ "ಮೈನಸ್" ಅನ್ನೋ ಪದಾನೇ ಬಳಸಬೇಡಿ. ನಿಜವಾಗ್ಲೂ ಹೇಳ್ತಿದ್ದೀನಿ. ಆ ಒಂದು ಗೆರೆ ಎರಡು ಬೇರೆ ಬೇರೆ ಕೆಲಸ ಮಾಡುತ್ತೆ, ನಾವು ಎರಡಕ್ಕೂ ಒಂದೇ ಹೆಸರು ಇಟ್ಟು ಮಗುವಿನ ತಲೆ ಕೆಡಿಸ್ತೀವಿ. 8 − 5 ಅಂದಾಗ ಆ ಗೆರೆ "ತೆಗಿ" ಅಂತ ಹೇಳ್ತಿದೆ, ಅದು ಒಂದು ಕೆಲಸ, ಕ್ರಿಯೆ. −5 ಅಂತ ಒಂಟಿಯಾಗಿ ಬರೆದಾಗ ಅದು ಏನೂ ಮಾಡು ಅಂತ ಹೇಳ್ತಿಲ್ಲ, ಆ ಸಂಖ್ಯೆ ಯಾವ ಜಾತಿದು ಅಂತ ಹೇಳ್ತಿದೆ. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ರೆಡಿಯಾಗೇ ಇದೆ: ಕ್ರಿಯೆಗೆ "ಕಳೆ", ಸಂಖ್ಯೆಗೆ "ಋಣ". 2 − (−3) ಅನ್ನೋದನ್ನ "ಎರಡು ಮೈನಸ್ ಮೈನಸ್ ಮೂರು" ಅಂತ ಓದಿದ್ರೆ ಅದೊಂದು ಮಂತ್ರ, "ಎರಡರಿಂದ ಋಣ ಮೂರನ್ನ ಕಳೆ" ಅಂತ ಓದಿದ್ರೆ ಅದೊಂದು ವಾಕ್ಯ, ಅರ್ಥ ಇರೋ ವಾಕ್ಯ. ಇಂಗ್ಲಿಷ್ ಮೀಡಿಯಂ ಆಗಿದ್ರೂ ಪರವಾಗಿಲ್ಲ, ಮನೇಲಿ ಕನ್ನಡದಲ್ಲಿ ಓದಿಸಿ, ಬರೆಯೋದು ಹೇಗೂ ಅದೇ ಚಿಹ್ನೆ ತಾನೆ.

ಋಣ ಅಂದ್ರೆ ಸಾಲ ಅಂತ ನಿಮ್ಮ ಮಗಳಿಗೆ ಯಾರೂ ಹೊಸದಾಗಿ ಹೇಳ್ಕೊಡಬೇಕಿಲ್ಲ, ಅನ್ನದ ಋಣ, ಋಣ ತೀರಿಸೋದು, ಇವೆಲ್ಲ ಮನೇಲಿ ಕೇಳಿರೋ ಮಾತುಗಳೇ. ಈ ಹೆಸರು ಸುಮ್ನೆ ಬಂದಿದ್ದಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ, ಈಗಿನ ರಾಜಸ್ಥಾನದ ಭೀನ್‌ಮಾಲ್ ಕಡೆಯವನು, ಧನ, ಋಣ, ಶೂನ್ಯ ಈ ಮೂರನ್ನೂ ಕೂಡೋದು ಕಳೆಯೋದು ಗುಣಿಸೋದಕ್ಕೆ ಸರಿಯಾದ ನಿಯಮಗಳನ್ನ ಬರೆದಿಟ್ಟ, ಎರಡು ಋಣಗಳನ್ನ ಕೂಡಿದ್ರೆ ಋಣ, ಎರಡು ಋಣಗಳನ್ನ ಗುಣಿಸಿದ್ರೆ ಧನ ಅಂತ ಬೇರೆ ಬೇರೆಯಾಗಿ ಹೇಳಿದಾನೆ ನೋಡಿ, ನಿಮ್ಮ ಮಗಳು ಒಂದು ಮಾಡ್ಕೊಂಡಿರೋದು ಈ ಎರಡನ್ನೇ. ಆಮೇಲೆ 9ನೇ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂದ, ಯಾಕಂದ್ರೆ ಯಾವ ಸಂಖ್ಯೆನ ಅದರಿಂದಲೇ ಗುಣಿಸಿದ್ರೂ ಋಣ ಬರಲ್ಲ. ಅದಾಗಿ ಒಂಬೈನೂರು ವರ್ಷ ಆದ್ಮೇಲೂ, 1758ರಲ್ಲಿ, ಇಂಗ್ಲೆಂಡಲ್ಲಿ ಫ್ರಾನ್ಸಿಸ್ ಮಾಸೆರೆಸ್ ಅನ್ನೋ ಗಣಿತ ಬಲ್ಲವರು ಋಣ ಸಂಖ್ಯೆಗಳನ್ನ ಬೀಜಗಣಿತದಿಂದ ಹೊರಗಿಡಬೇಕು ಅಂತ ವಾದ ಮಾಡಿ ಬರೆದಿದ್ರು. ಅಂಥವರಿಗೇ ಒಗ್ಗದ ವಿಷಯ ಇದು, 12 ವರ್ಷದ ಹುಡುಗಿಗೆ ಒಂದೆರಡು ತಿಂಗಳು ಜಾಸ್ತಿ ಹಿಡಿದ್ರೆ ಅದರಲ್ಲಿ ಗಾಬರಿ ಪಡೋ ಅಂಥದ್ದೇನಿಲ್ಲ.

ಈಗ ಕೈಯಲ್ಲಿ ಮಾಡೋ ಕೆಲಸ. ಚೌಕಾಬಾರ ಆಡೋಕೆ ಹುಣಸೆ ಬೀಜನ ಒಂದು ಕಡೆ ನೆಲಕ್ಕೆ ಉಜ್ಜಿ ಬಿಳಿ ಮಾಡ್ತೀವಲ್ಲ, ಅಂಥದ್ದು ಒಂದು ಇಪ್ಪತ್ತು ಬೀಜ ರೆಡಿ ಮಾಡ್ಕೊಳ್ಳಿ. ಬಿಳಿ ಮೇಲಿದ್ರೆ ಧನ ಒಂದು, ಕಪ್ಪು ಮೇಲಿದ್ರೆ ಋಣ ಒಂದು. ಆಟದ ನಿಯಮ ಒಂದೇ: ಒಂದು ಬಿಳಿ ಒಂದು ಕಪ್ಪು ಜೊತೆಯಾದ್ರೆ ಸೊನ್ನೆ, ಕೈಯಲ್ಲಿ ಒಂದು ರೂಪಾಯಿ ಇದೆ, ಒಂದು ರೂಪಾಯಿ ಸಾಲನೂ ಇದೆ, ಅಂದ್ರೆ ಲೆಕ್ಕಕ್ಕೆ ಏನೂ ಇಲ್ಲ. ಆ ಜೋಡಿನ ಯಾವಾಗ ಬೇಕಾದ್ರೂ ನೆಲದಿಂದ ಎತ್ತಬಹುದು, ಯಾವಾಗ ಬೇಕಾದ್ರೂ ತಂದು ಇಡಬಹುದು, ಬೆಲೆ ಬದಲಾಗಲ್ಲ. ಕೊನೇ ಮಾತನ್ನ ಅವಳಿಂದಲೇ ಹೇಳಿಸಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. (3ನೇ ಶತಮಾನದ ಚೀನಾದಲ್ಲಿ ಲಿಯು ಹುಯಿ ಅನ್ನೋ ಗಣಿತಜ್ಞ ಇದೇ ಥರ ಕೆಂಪು ಕಡ್ಡಿ ಧನಕ್ಕೆ, ಕಪ್ಪು ಕಡ್ಡಿ ಋಣಕ್ಕೆ ಅಂತ ವಿವರಿಸಿದಾನೆ, ಅವಳಿಗೆ ಹೇಳಿ, ಖುಷಿ ಪಡ್ತಾಳೆ.)

ಮೊದಲು ಋಣ ಮೂರಕ್ಕೆ ಋಣ ಐದು ಕೂಡಿಸಿ. ಮೂರು ಕಪ್ಪು ಇಟ್ಟಾಯ್ತು, ಇನ್ನೂ ಐದು ಕಪ್ಪು ತಂದಾಯ್ತು. ನೆಲದ ಮೇಲೆ ಎಂಟು ಕಪ್ಪು. ಬಿಳಿ ಎಲ್ಲಿಂದ ಬರುತ್ತೆ? ಬರಲ್ಲ. ಅಂಗಡೀಲಿ ಮೂರು ರೂಪಾಯಿ ಸಾಲ, ಪಕ್ಕದ ಮನೇಲಿ ಐದು ರೂಪಾಯಿ ಸಾಲ ಮಾಡಿದೋಳು ಎಂಟು ರೂಪಾಯಿ ಸಾಹುಕಾರ್ತಿ ಆಗ್ತಾಳಾ ಅಂತ ಕೇಳಿ ನೋಡಿ, ತಾನೇ ನಕ್ಕು −8 ಅಂತ ಬರೀತಾಳೆ.

ಇನ್ನು ನಿಮ್ಮ −3 − 5. ಇದನ್ನ "ಋಣ ಮೂರರಿಂದ ಐದನ್ನ ಕಳೆ" ಅಂತ ಓದಿಸಿ. ಗಮನಿಸಿ, ಇಲ್ಲಿ ಋಣ ಒಂದೇ ಒಂದು, ಎರಡನೇ ಗೆರೆ ಬರೀ ಕಳೆ, ಕಳೀಬೇಕಾಗಿರೋ ಐದು ಧನ ಐದು. ನೆಲದ ಮೇಲೆ ಮೂರು ಕಪ್ಪು ಇದೆ, ಐದು ಬಿಳಿ ಎತ್ತಬೇಕು, ಆದ್ರೆ ಬಿಳಿನೇ ಇಲ್ವಲ್ಲ! ಇಲ್ಲಿ ಸುಮ್ನಿದ್ದುಬಿಡಿ, ಅವಳು ಸ್ವಲ್ಪ ಹೊತ್ತು ನೋಡ್ಲಿ. ಸೊನ್ನೆ ಜೋಡಿ ನೆನಪಾಗುತ್ತೆ, ಆಗಿಲ್ಲ ಅಂದ್ರೆ ಕೇಳಿ, "ಬೆಲೆ ಬದಲಾಗದ ಹಾಗೆ ಬಿಳಿ ತರಕ್ಕಾಗುತ್ತಾ?" ಅಂತ. ಐದು ಜೋಡಿ ತಂದು ಇಡ್ತಾಳೆ, ಈಗ ಎಂಟು ಕಪ್ಪು ಐದು ಬಿಳಿ, ಐದು ಬಿಳಿ ಎತ್ತಿದ್ರೆ ಎಂಟು ಕಪ್ಪು ಉಳೀತು. −8. ಮೊದಲನೇ ಲೆಕ್ಕದ ಉತ್ತರ, ಎರಡನೇ ಲೆಕ್ಕದ ಉತ್ತರ ಒಂದೇ ಬಂತಲ್ಲ, ಅದನ್ನ ನೀವು ಹೇಳೋಕೆ ಹೋಗಬೇಡಿ, ಅವಳೇ ಗಮನಿಸ್ತಾಳೆ: ಧನ ಐದನ್ನ ಕಳೆಯೋದೂ ಒಂದೇ, ಋಣ ಐದನ್ನ ಕೂಡೋದೂ ಒಂದೇ.

ಆಮೇಲೆ 2 − (−3). ಎರಡು ಬಿಳಿ ಇದೆ, ಮೂರು ಕಪ್ಪು ಎತ್ತಬೇಕು. ಮತ್ತೆ ಮೂರು ಜೋಡಿ ತಂದಿಟ್ಟು ಮೂರು ಕಪ್ಪು ಎತ್ತಿದ್ರೆ ಐದು ಬಿಳಿ. ಒಂದು ದಿನ 5, ಇನ್ನೊಂದು ದಿನ −1 ಬರ್ತಿತ್ತಲ್ಲ, ಅದಕ್ಕೆ ಕಾರಣ ಅವಳು ರೂಲ್ ನೆನಪಿದ್ದ ದಿನ 5, ಮರೆತ ದಿನ −1 ಬರೀತಿದ್ಳು, ಬೇರೇನಿಲ್ಲ. ಬೀಜ ಎತ್ತಿ ನೋಡಿದ ಮಗುಗೆ ಮರೆತರೂ ಮತ್ತೆ ಕಟ್ಟಿಕೊಳ್ಳೋಕೆ ಬರುತ್ತೆ. ನಮ್ಮಲ್ಲಿ ಎಷ್ಟೋ ಕಡೆ "ಕಳೆಯೋ ಸಂಖ್ಯೆಯ ಚಿಹ್ನೆ ಬದಲಾಯಿಸು, ಆಮೇಲೆ ಕೂಡು" ಅಂತ ಮೊದಲ ದಿನವೇ ಬೋರ್ಡ್ ಮೇಲೆ ಬರೆದುಬಿಡ್ತಾರೆ, ಅದು ಸರಿಯಾದ ಮಾತೇ, ಆದ್ರೆ ಅದು ಮಗು ಒಂದು ವಾರ ಬೀಜ ಎತ್ತಿಟ್ಟು ತಾನೇ ಕಂಡುಹಿಡೀಬೇಕಾದ ಮಾತು, ನನಗೆ ಇದರ ಬಗ್ಗೆ ತುಂಬಾ ಗಟ್ಟಿ ಅಭಿಪ್ರಾಯ ಇದೆ.

ಋಣನ ಕಳೆದ್ರೆ ಯಾಕೆ ಜಾಸ್ತಿ ಆಗುತ್ತೆ ಅಂತ ಅವಳಿಗೆ ಇನ್ನೂ ಅನುಮಾನ ಉಳಿದ್ರೆ ನೆಗೆಟಿವ್ ಮಾರ್ಕಿಂಗ್ ಉದಾಹರಣೆ ಕೊಡಿ. ನೀಟ್ ಪರೀಕ್ಷೇಲಿ ಸರಿ ಉತ್ತರಕ್ಕೆ 4, ತಪ್ಪು ಉತ್ತರಕ್ಕೆ −1 ಅಂತ ಇದೆ, ಮನೇಲಿ ಅಕ್ಕ ಅಣ್ಣ ಯಾರಾದ್ರೂ ಓದ್ತಿದ್ರೆ ಅವಳಿಗೂ ಗೊತ್ತಿರುತ್ತೆ. ಒಬ್ಬ ಹುಡುಗನಿಗೆ 12 ಮಾರ್ಕ್ಸ್ ಬಂದಿದೆ ಅಂತಿಟ್ಕೊಳ್ಳಿ, ಅದರಲ್ಲಿ ಒಂದು ತಪ್ಪಿಗೆ ಹಾಕಿದ್ದ −1ನ ವಾಪಸ್ ತೆಗೆದುಬಿಟ್ರು, ಈಗ ಎಷ್ಟು? 13. ಯಾರೂ ಏನೂ ಕೊಡ್ಲಿಲ್ಲ, ಇದ್ದ ಋಣ ತೆಗೆದ್ರು ಅಷ್ಟೆ. 12 − (−1) = 13. ಇಷ್ಟು ಸಾಕು.

ಸಂಖ್ಯಾರೇಖೆನೂ ಬೇಕು, ಬಿಡಬೇಡಿ, ಯಾಕಂದ್ರೆ ಯಾವುದು ದೊಡ್ಡದು ಯಾವುದು ಚಿಕ್ಕದು ಅನ್ನೋದು ಬೀಜದಲ್ಲಿ ಕಾಣಲ್ಲ. ಏಳು ಕಪ್ಪು ಮೂರು ಕಪ್ಪಿಗಿಂತ ಜಾಸ್ತಿ ಕಾಣುತ್ತೆ, ಆದ್ರೆ −7 ಅನ್ನೋದು −3ಕ್ಕಿಂತ ಚಿಕ್ಕದು. ನೀವು ಬರೆದಿಲ್ಲ, ಆದ್ರೂ ಒಂದ್ಸಲ ಕೇಳಿ ನೋಡಿ, ತುಂಬಾ ಮಕ್ಕಳು ಇಲ್ಲಿ ಎಡವುತ್ತಾರೆ. ರೇಖೆನ ಅಡ್ಡಡ್ಡ ಬರೆಯೋ ಬದಲು ಗೋಡೆ ಮೇಲೆ ಉದ್ದುದ್ದ ಬರೀರಿ, ಸೊನ್ನೆ ಮಧ್ಯ, ಮೇಲೆ ಹೋದ್ರೆ ದೊಡ್ಡದು, ಕೆಳಗೆ ಹೋದ್ರೆ ಚಿಕ್ಕದು, ಆಗ ಎಡ ಬಲ ಅನ್ನೋ ಗೊಂದಲ ಇರಲ್ಲ. ಬೆಂಗಳೂರಿನ ಮಾಲ್‌ಗೆ ಹೋದಾಗ ಲಿಫ್ಟಲ್ಲಿ ಪಾರ್ಕಿಂಗ್‌ಗೆ ಇಳಿಯೋದು ಇದೇ ತಾನೆ, ಎರಡನೇ ಫ್ಲೋರಿಂದ ಐದು ಅಂತಸ್ತು ಇಳಿದ್ರೆ ನೆಲಕ್ಕಿಂತ ಮೂರು ಅಂತಸ್ತು ಕೆಳಗೆ, 2 − 5 = −3.

ನಾನು ಕ್ಲಾಸಲ್ಲಿ ಕೋಲಾರದ ಚಿನ್ನದ ಗಣಿ ಲೆಕ್ಕ ಕೊಡ್ತೀನಿ, ಮಕ್ಕಳಿಗೆ ಕೆಜಿಎಫ್ ಅಂದ ತಕ್ಷಣ ಕಿವಿ ನೆಟ್ಟಗಾಗುತ್ತೆ. 2001ರಲ್ಲಿ ಮುಚ್ಚಿದ ಆ ಗಣಿ 3000 ಮೀಟರ್‌ಗಿಂತಲೂ ಆಳ ಇತ್ತು. ಲೆಕ್ಕಕ್ಕೆ 3000 ಅಂತಲೇ ಇಟ್ಕೊಳ್ಳೋಣ. ನೆಲನ ಸೊನ್ನೆ ಅಂದ್ರೆ ಗಣಿ ತಳ −3000. ಆದ್ರೆ ಕೋಲಾರ ಕಡೆ ನೆಲವೇ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹಾಗಾದ್ರೆ ಸಮುದ್ರನ ಸೊನ್ನೆ ಅಂತ ಇಟ್ಕೊಂಡ್ರೆ ತಳ ಎಲ್ಲಿದೆ? 900 − 3000 = −2100. ಅದೇ ಗಣಿ, ಅದೇ ತಳ, ಸಂಖ್ಯೆ ಬೇರೆ, ಯಾಕಂದ್ರೆ ಸೊನ್ನೆ ಎಲ್ಲಿ ಇಡಬೇಕು ಅಂತ ತೀರ್ಮಾನ ಮಾಡೋರು ನಾವು. ಇದು ಗೊತ್ತಾದ ದಿನ ಮಕ್ಕಳ ಮುಖ ನೋಡಬೇಕು. ಅಲ್ಲಿವರೆಗೂ ಸೊನ್ನೆ ಅಂದ್ರೆ "ಏನೂ ಇಲ್ಲ" ಅಂದ್ಕೊಂಡಿರ್ತಾರೆ, ಏನೂ ಇಲ್ಲದಕ್ಕಿಂತ ಕಮ್ಮಿ ಹೇಗಿರುತ್ತೆ ಅಂತ ಒಳಗೊಳಗೇ ಕೊರೀತಿರುತ್ತೆ, ಯಾರೂ ಬಾಯಿ ಬಿಟ್ಟು ಕೇಳಲ್ಲ.

ಕೂಡೋದು ಕಳೆಯೋದು ಗಟ್ಟಿ ಆದ್ಮೇಲೆ ಮಾತ್ರ ಗುಣಾಕಾರಕ್ಕೆ ಬನ್ನಿ. 3 × (−4) ಸುಲಭ, ನಾಲ್ಕು ರೂಪಾಯಿ ಸಾಲ ಮೂರು ಸಲ ಮಾಡಿದೆ, −12. ತಿರುಗಿಸಿ ಬರೆದ್ರೂ, (−4) × 3, ಅಷ್ಟೇ. ತೊಂದ್ರೆ ಇರೋದು (−3) × (−4) ಅಲ್ಲಿ, ಋಣ ಮೂರು ಸಲ ಅಂದ್ರೆ ಏನರ್ಥ? ಇಲ್ಲಿ ಮನೆ ಮೇಲಿನ ನೀರಿನ ಟ್ಯಾಂಕ್ ಸಹಾಯಕ್ಕೆ ಬರುತ್ತೆ. ನಲ್ಲಿ ತೆರೆದಿದೆ, ಗಂಟೆಗೆ 4 ಸೆಂಟಿಮೀಟರ್ ನೀರು ಇಳೀತಿದೆ, ಅಂದ್ರೆ ಗಂಟೆಗೆ −4. ಈ ಕ್ಷಣ ಸೊನ್ನೆ. ಇನ್ನು ಮೂರು ಗಂಟೆ ಆದ್ಮೇಲೆ ನೀರಿನ ಮಟ್ಟ ಈಗಿನಕ್ಕಿಂತ 12 ಸೆಂಟಿಮೀಟರ್ ಕೆಳಗೆ, 3 × (−4) = −12. ಸರಿ, ಮೂರು ಗಂಟೆ ಹಿಂದೆ ಎಲ್ಲಿತ್ತು? ಹಿಂದೆ ಅಂದ್ರೆ −3 ಗಂಟೆ. ನೀರು ಈಗಿನಕ್ಕಿಂತ 12 ಸೆಂಟಿಮೀಟರ್ ಮೇಲಿತ್ತು. (−3) × (−4) = 12. ಅವಳಿಗೆ ಇದನ್ನ ಯಾರೂ ನಂಬಿಸಬೇಕಾಗಿಲ್ಲ, ಇಳೀತಾ ಇರೋ ನೀರು ಮೊದಲು ಮೇಲಿತ್ತು ಅನ್ನೋದು ಅವಳೇ ಹೇಳ್ತಾಳೆ.

ಕೋಷ್ಟಕವನ್ನೂ ಒಂದ್ಸಲ ಬರೆಸಿ: 2 × (−4) = −8, 1 × (−4) = −4, 0 × (−4) = 0. ಮೇಲಿಂದ ಕೆಳಗೆ ಬರ್ತಾ ಬರ್ತಾ ಉತ್ತರ ಪ್ರತಿ ಸಲ ನಾಲ್ಕು ಜಾಸ್ತಿ ಆಗ್ತಿದೆ. ಮುಂದಿನ ಸಾಲು (−1) × (−4), ಅದೂ ನಾಲ್ಕು ಜಾಸ್ತಿ ಆಗಬೇಕಲ್ಲ, 4.

ನೀವು "ಯಾಕೆ ಅನ್ನೋದು ನನಗೂ ಗೊತ್ತಿಲ್ಲ" ಅಂತ ಬರೆದಿದ್ರಿ, ಅದು ನನಗೆ ತುಂಬಾ ಇಷ್ಟ ಆಯ್ತು, ಹಾಗಾಗಿ ಇದೊಂದು ನಿಮಗೋಸ್ಕರ. ಟ್ಯಾಂಕ್, ಕೋಷ್ಟಕ ಇವೆಲ್ಲ ನಂಬಿಕೆ ಬರೋಕೆ ಸಹಾಯ ಮಾಡುತ್ತೆ, ನಿಜವಾದ ಕಾರಣ ಇದು. 4 + (−4) ಅಂದ್ರೆ ಸೊನ್ನೆ. ಸೊನ್ನೆನ ಏನರಿಂದ ಗುಣಿಸಿದ್ರೂ ಸೊನ್ನೆ, ಹಾಗಾಗಿ (−3) × [4 + (−4)] = 0. ಈಗ ಕಂಸ ಬಿಡಿಸಿ ಒಂದೊಂದನ್ನೇ ಗುಣಿಸಿ: (−3) × 4 ಒಂದು ತುಂಡು, (−3) × (−4) ಇನ್ನೊಂದು ತುಂಡು, ಎರಡೂ ಸೇರಿ ಸೊನ್ನೆ ಆಗಬೇಕು. ಮೊದಲನೇ ತುಂಡು −12 ಅಂತ ಆಗಲೇ ಗೊತ್ತಿದೆ. −12ರ ಜೊತೆ ಏನು ಸೇರಿದ್ರೆ ಸೊನ್ನೆ ಆಗುತ್ತೆ? +12 ಒಂದೇ. ಅಷ್ಟೇ ಕಾರಣ. ಯಾರೋ ದೊಡ್ಡೋರು ಕೂತು "ಋಣ ಗುಣಿಸು ಋಣ ಧನ ಆಗ್ಲಿ" ಅಂತ ಆಜ್ಞೆ ಮಾಡಿದ್ದಲ್ಲ, ನಾವು ಧನ ಸಂಖ್ಯೆಗಳಿಗೆ ಬಳಸ್ತಿದ್ದ ಹಳೇ ನಿಯಮಗಳು ಮುರೀಬಾರದು ಅಂದ್ರೆ ಉತ್ತರ ಬೇರೆ ಏನೂ ಆಗೋಕೆ ಸಾಧ್ಯನೇ ಇಲ್ಲ. ಎರಡು ಮೂರು ಸಲ ಪೆನ್ ಹಿಡಿದು ಬರೆದು ನೋಡಿ, ಪಿಯುಸಿ ಆರ್ಟ್ಸ್ ಓದಿದ್ರೇನಂತೆ, ಇದಕ್ಕೆ ಬೇಕಾಗಿರೋದು ಕೂಡೋದು ಮತ್ತೆ ಮಗ್ಗಿ ಅಷ್ಟೇ.

ಭಾಗಾಕಾರಕ್ಕೆ ಹೊಸದೇನೂ ಕಲಿಸಬೇಡಿ, (−12) ÷ (−4) ಅಂದ್ರೆ "ಋಣ ನಾಲ್ಕನ್ನ ಎಷ್ಟರಿಂದ ಗುಣಿಸಿದ್ರೆ ಋಣ ಹನ್ನೆರಡು" ಅಂತ ಕೇಳಿ, 3 ಅಂತ ಬರುತ್ತೆ. ಸೊನ್ನೆಯಿಂದ ಭಾಗಿಸೋಕಾಗಲ್ಲ ಅನ್ನೋದೂ ಇದೇ ಪ್ರಶ್ನೆಯಿಂದ ತಾನಾಗೇ ಗೊತ್ತಾಗುತ್ತೆ, 5 ÷ 0 ಅಂದ್ರೆ ಸೊನ್ನೆನ ಎಷ್ಟರಿಂದ ಗುಣಿಸಿದ್ರೆ 5, ಅಂಥ ಸಂಖ್ಯೆ ಇಲ್ಲ.

ಟ್ಯೂಷನ್ ವಿಷಯ. ಈಗಲೇ ಬೇಡ. ಟ್ಯೂಷನ್‌ಗೆ ಹಾಕಿದ್ರೆ ಬಹುಶಃ ಅದೇ ರೂಲ್‌ನ ಇನ್ನೂ ಜೋರಾಗಿ ಬಾಯಿಪಾಠ ಮಾಡಿಸಿ ಐವತ್ತು ಲೆಕ್ಕ ಕೊಡ್ತಾರೆ, ಐವತ್ತೂ ಗುಣಾಕಾರದ್ದೇ ಆಗಿದ್ರೆ ಐವತ್ತೂ ಸರಿ ಬರುತ್ತೆ, ಟೆಸ್ಟಲ್ಲಿ ಕೂಡೋದು ಗುಣಿಸೋದು ಬೆರೆಸಿ ಕೊಟ್ಟಾಗ ಮತ್ತೆ ಕಥೆ ಶುರು. ನೀವೇ ದಿನಕ್ಕೆ ಹದಿನೈದು ನಿಮಿಷ ಕೂತ್ಕೊಳ್ಳಿ, ಮೊದಲ ವಾರ ಬೀಜ, ಎರಡನೇ ವಾರ ಗೋಡೆ ಮೇಲಿನ ರೇಖೆ ಮತ್ತೆ ಟ್ಯಾಂಕ್. ಲೆಕ್ಕ ಕಮ್ಮಿ ಕೊಡಿ, ದಿನಕ್ಕೆ ಆರು ಸಾಕು, ಆದ್ರೆ ಬೆರೆಸಿ ಕೊಡಿ, ಪ್ರತಿಯೊಂದನ್ನೂ ಉತ್ತರ ಬರೆಯೋಕೆ ಮುಂಚೆ ಋಣ, ಕಳೆ ಅಂತ ಜೋರಾಗಿ ಓದಿಸಿ, ಮತ್ತೆ ಉತ್ತರ ಧನ ಬರುತ್ತಾ ಋಣ ಬರುತ್ತಾ ಅಂತ ಮೊದಲು ಹೇಳಿಸಿ, ಆಮೇಲೆ ಎಷ್ಟು ಅಂತ.

ಎರಡು ವಾರ ಆದ್ಮೇಲೆ ಒಂದು ಹಾಳೇಲಿ ಈ ನಾಲ್ಕನ್ನ ಒಂದರ ಕೆಳಗೆ ಒಂದು ಬರೆದು ಕೊಡಿ: −3 − 5, (−3) × (−5), −3 − (−5), (−3) + (−5). ಬರಬೇಕಾಗಿರೋದು −8, 15, 2, −8. ನಾಲ್ಕೂ ಸರಿ ಬಂದ್ರೆ "ಮೈನಸ್" ಅನ್ನೋ ಪದನ ಮನೆಗೆ ವಾಪಸ್ ಕರೀಬಹುದು. ಮೂರನೇದು ತಪ್ಪಿದ್ರೆ ಬೀಜದ ಆಟದಲ್ಲಿ ಸೊನ್ನೆ ಜೋಡಿ ಇನ್ನೂ ಕೂತಿಲ್ಲ ಅಂತ ಅರ್ಥ, ಅದನ್ನೇ ಇನ್ನೊಂದು ನಾಲ್ಕು ದಿನ ಆಡಿಸಿ. ಮೊದಲನೇದು ಮತ್ತೆ +8 ಬಂದ್ರೆ ಉತ್ತರ ತಿದ್ದೋಕೆ ಹೋಗಬೇಡಿ, ಲೆಕ್ಕನ ಕನ್ನಡದಲ್ಲಿ ಓದು ಅಂತ ಮಾತ್ರ ಹೇಳಿ, ಓದ್ತಾ ಓದ್ತಾನೇ ಅಳಿಸಿ ಬರೀತಾಳೆ.